ಹತ್ತು ಕಿಲೋಮೀಟರ್ ಅನ್ನುವುದು ಡಬ್ಬಿ ಮೇಲಿನ ಮಾತು

ಪ್ರಶ್ನೆ: ನಾವು ಹಾಸನದ ಐವರು ಗೆಳೆಯರು. ಮೂರು ಥಾರ್, ಒಂದು ಸ್ಕಾರ್ಪಿಯೊ, ಒಂದು ಹಳೇ ಟಾರ್ಪಾಲ್ ಹುಡ್‌ನ ಜೀಪು. ತಿಂಗಳಿಗೊಮ್ಮೆ ಸಕಲೇಶಪುರ, ಬಿಸಿಲೆ ಕಡೆ ಪರಿಚಯದವರ ಎಸ್ಟೇಟ್ ದಾರಿಗಳಲ್ಲಿ ಗಾಡಿ ಓಡಿಸುತ್ತೇವೆ. ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಆನ್‌ಲೈನ್‌ನಲ್ಲಿ ‘5 ವ್ಯಾಟ್, 10 ಕಿ.ಮೀ. ರೇಂಜ್’ ಎನ್ನುವ ವಾಕಿಟಾಕಿ ಅಗ್ಗಕ್ಕೆ ಸಿಗುತ್ತಿದೆ. ಅಮೆರಿಕದಲ್ಲಿರುವ ಭಾವ ಅಲ್ಲಿಂದಲೇ ಒಳ್ಳೆ ಸೆಟ್ ತರುತ್ತೇನೆ ಅನ್ನುತ್ತಿದ್ದಾರೆ. ಇನ್ನೊಬ್ಬರು ಸಿಬಿ ರೇಡಿಯೋ ಹಾಕಿಸಿ ಅನ್ನುತ್ತಾರೆ. ಯಾವುದು ತಗೊಳ್ಳೋಣ? ಗಾಡಿ ಮೇಲೆ ಆಂಟೆನಾ ಬೇಕಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. 446 ಮೆಗಾಹರ್ಟ್ಸ್‌ನ, ಲೈಸೆನ್ಸ್ ಬೇಡದ ವಾಕಿಟಾಕಿ ತಗೊಳ್ಳಿ. ಎಲ್ಲವೂ ಒಂದೇ ಮಾದರಿ ಇರಲಿ. ಐದಲ್ಲ, ಆರು. ಹೇಗೂ ಇವು ಜೋಡಿ ಲೆಕ್ಕದಲ್ಲೇ ಮಾರಾಟವಾಗುವುದು, ಮೂರು ಜೋಡಿ ಆಗುತ್ತದೆ. ಆರನೆಯದು ಯಾರಿಗೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಗಾಡಿ ಮೇಲೆ ಆಂಟೆನಾ ಬೇಡ.

ಈಗ ಆ ಹತ್ತು ಕಿಲೋಮೀಟರ್ ವಿಷಯ. ಅದು ಪೂರ್ತಿ ಸುಳ್ಳೇನಲ್ಲ. ಈ ಸೆಟ್‌ಗಳ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತದೆ. ಒಂದು ಮರವೂ ಇಲ್ಲದ ಮಟ್ಟಸ ಬಯಲಲ್ಲಿ ಇಬ್ಬರೂ ಸೆಟ್ಟನ್ನು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದು ನಿಂತರೆ, ಭೂಮಿಯ ಬಾಗು ಅಡ್ಡ ಬರುವುದು ಸುಮಾರು 10 ಕಿ.ಮೀ. ದೂರಕ್ಕೆ. ಬಿಸಿಲೆ ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಕುಮಾರಪರ್ವತ ಕಾಣುತ್ತದಲ್ಲ, ಅಲ್ಲಿ ತುದಿಯಲ್ಲಿ ಒಬ್ಬ ನಿಂತಿದ್ದರೆ ಈ 446ರ ಅರ್ಧ ವ್ಯಾಟಿನ ಸೆಟ್ಟಿನಲ್ಲೂ ಮಾತು ಕೇಳಿಸುವ ಸಾಧ್ಯತೆ ಚೆನ್ನಾಗಿದೆ. ಆದರೆ ಅದೇ ಘಾಟಿಯಲ್ಲಿ ಎರಡು ತಿರುವು ಇಳಿಯಿರಿ. ಮುನ್ನೂರು ಮೀಟರ್ ಹಿಂದಿರುವ ಗಾಡಿಯ ಮಾತು ಕರಕರ ಅಂತ ತುಂಡು ತುಂಡಾಗಿ ಬರುತ್ತದೆ. ನಡುವೆ ಗುಡ್ಡ ಇದೆ, ಅಷ್ಟೇ.

ಗುಡ್ಡ ಇಲ್ಲದಿದ್ದರೆ ಎಲೆ. ಮಳೆಗೆ ನೆನೆದ ಎಲೆ ಈ ಅಲೆಗಳನ್ನು ಚೆನ್ನಾಗಿಯೇ ಹೀರುತ್ತದೆ. ಕಾಫಿ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಇದರ ನಡುವೆ ಗಾಡಿಯಿಂದ ಗಾಡಿಗೆ ನನಗೆ ಸಿಕ್ಕಿರುವುದು ಆರುನೂರರಿಂದ ಎಂಟುನೂರು ಮೀಟರ್. ತೆರೆದ ರಸ್ತೆಯಲ್ಲಿ ಎರಡು ಕಿಲೋಮೀಟರ್. ಜುಲೈನಲ್ಲಿ ಇನ್ನೂ ಕಮ್ಮಿ.

ಸಾಕಾ ಇದು? ನಿಮ್ಮ ಐದು ಗಾಡಿಯ ಸಾಲನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಎಷ್ಟು ದೂರ ಇರುತ್ತದೆ? ಎಸ್ಟೇಟ್ ದಾರಿಯಲ್ಲಿ ಅರ್ಧ ಕಿಲೋಮೀಟರ್ ದಾಟಿದರೆ ಅದು ಸಾಲೇ ಅಲ್ಲ, ಐದು ಜನ ಬೇರೆ ಬೇರೆ ಹೊರಟ ಹಾಗೆ. ನಿಮಗೆ ಬೇಕಿರುವುದು ಹತ್ತು ಕಿಲೋಮೀಟರ್ ದೂರದ ಮಾತಲ್ಲ. ತಿರುವಿನ ಆಚೆ ಇರುವವನಿಗೆ ‘ಇಲ್ಲಿ ಎಡಗಡೆ ಗುಂಡಿ ಇದೆ’ ಅಂತ ಹೇಳುವುದು.

ಹಾಗಿದ್ದರೂ 5 ವ್ಯಾಟ್ ಇದ್ದರೆ ಒಳ್ಳೆಯದಲ್ವಾ ಅಂತ ಕೇಳುತ್ತೀರಿ. ಅರ್ಧ ವ್ಯಾಟಿಗಿಂತ ಅದು ಹತ್ತು ಪಟ್ಟು, ನಿಜ. ಆದರೆ ನೆಲಕ್ಕೆ ಹತ್ತಿರ ಹೋಗುವ ಅಲೆಗೆ ಶಕ್ತಿ ಹತ್ತು ಪಟ್ಟು ಆದರೆ ದೂರ ಹೆಚ್ಚುವುದು ಎರಡು ಪಟ್ಟಿಗೂ ಕಮ್ಮಿ. ಗುಡ್ಡ ಅಡ್ಡ ಇದ್ದರೆ ಅದೂ ಇಲ್ಲ.

ಇದಕ್ಕಿಂತ ದೊಡ್ಡ ಮಾತು ಕಾನೂನಿನದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾತಾಡಬಹುದಾದ ಜಾಗಗಳು ಕೆಲವೇ. 446.0ರಿಂದ 446.2 ಮೆಗಾಹರ್ಟ್ಸ್ ಒಂದು, ಇದು 2018ರಲ್ಲಿ ಬಿಡುಗಡೆಯಾದದ್ದು. 865 ಮೆಗಾಹರ್ಟ್ಸ್ ಹತ್ತಿರದ ಪಟ್ಟಿ ಒಂದು. 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡ್, ಅಂದರೆ ನೀವು ಕೇಳಿದ ಸಿಬಿ, ಇನ್ನೊಂದು. ನೀವು ನೋಡಿದ 5 ವ್ಯಾಟಿನ ಅಗ್ಗದ ಸೆಟ್ ಸಾಮಾನ್ಯವಾಗಿ 136ರಿಂದ 174, ಮತ್ತೆ 400ರಿಂದ ಮೇಲೆ, ಎಲ್ಲಿ ಬೇಕಾದರೂ ಮಾತಾಡುತ್ತದೆ. ಆ ಜಾಗದಲ್ಲೇ ಪೊಲೀಸರು, ಅರಣ್ಯ ಇಲಾಖೆಯವರು, ಆಂಬುಲೆನ್ಸ್, ವಿಮಾನ ನಿಲ್ದಾಣದ ಕೆಲಸಗಾರರು ಎಲ್ಲಾ ಇದ್ದಾರೆ. ಗೊತ್ತಿಲ್ಲದೆ ಒಂದು ಗುಂಡಿ ಒತ್ತಿ ಕಾಡಿನ ಕ್ಯಾಂಪಿನ ವೈರ್‌ಲೆಸ್ ಮೇಲೆ ನೀವು ‘ಮಚ್ಚಾ ಎಲ್ಲಿದೀಯಾ’ ಅಂದರೆ, ಮುಂದಿನ ಚೆಕ್‌ಪೋಸ್ಟಿನಲ್ಲಿ ಉತ್ತರ ಕೊಡಬೇಕಾಗುತ್ತದೆ. ಇಂಥ ಸೆಟ್‌ಗಳನ್ನು ಆನ್‌ಲೈನ್‌ನಲ್ಲಿ ಬೇಕಾಬಿಟ್ಟಿ ಮಾರುತ್ತಿದ್ದದ್ದಕ್ಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸ್ ಕೊಟ್ಟು, ಮಾರ್ಗಸೂಚಿಯನ್ನೂ ತಂದಿದೆ. ಮಾರಾಟಕ್ಕೆ ಇದೆ ಅಂದ ಮಾತ್ರಕ್ಕೆ ಬಳಸಬಹುದು ಅಂತಲ್ಲ.

ಕೊಳ್ಳುವಾಗ ಎರಡು ಕೇಳಿ. ಯಾವ ಫ್ರೀಕ್ವೆನ್ಸಿ? ಇಟಿಎ ಇದೆಯಾ? ಇಟಿಎ ಅಂದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಆ ಮಾದರಿಗೆ ಕೊಡುವ ಒಪ್ಪಿಗೆ. ಅಂಗಡಿಯವರು ‘ಅದೆಲ್ಲಾ ಏನೂ ಆಗಲ್ಲ ಸಾರ್’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಭಾವ ತರುವ ಸೆಟ್ ಬೇಡ. ಅಲ್ಲಿನ ಜೀಪಿನವರು ಜಿಎಂಆರ್‌ಎಸ್ ಅನ್ನುವುದನ್ನು ಬಳಸುತ್ತಾರೆ. ಪರೀಕ್ಷೆ ಇಲ್ಲ, 35 ಡಾಲರ್ ಕಟ್ಟಿದರೆ ಹತ್ತು ವರ್ಷ ಇಡೀ ಮನೆಯವರು ಮಾತಾಡಬಹುದು. ಯೂಟ್ಯೂಬಿನಲ್ಲಿ ಎಲ್ಲರೂ ಅದನ್ನೇ ಹೊಗಳುವುದು ಇದಕ್ಕೇ. ಆದರೆ ಅದು ಓಡುವುದು 462, 467 ಮೆಗಾಹರ್ಟ್ಸ್‌ನಲ್ಲಿ. ಇಲ್ಲಿ ಆ ಜಾಗಕ್ಕೆ ಲೈಸೆನ್ಸ್ ವಿನಾಯಿತಿ ಇಲ್ಲ. ನಿಮ್ಮ 446 ಸೆಟ್ಟಿನ ಜೊತೆ ಅದು ಮಾತೂ ಆಡುವುದಿಲ್ಲ. ಭಾವನಿಗೆ ಒಂದು ಒಳ್ಳೆ ಹೆಡ್‌ಲ್ಯಾಂಪ್ ತರಲು ಹೇಳಿ. ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಮಾತ್ರ ಅಪ್ಪಿತಪ್ಪಿಯೂ ತರಿಸಬೇಡಿ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಂಡು ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗರು ಜೈಲು ನೋಡಿದ್ದಾರೆ.

ಸಿಬಿ ವಿಷಯಕ್ಕೆ ಬಂದರೆ, ಅದರ ಮೇಲೆ ನನಗೂ ಹಳೆಯ ಪ್ರೀತಿ ಇದೆ. 27 ಮೆಗಾಹರ್ಟ್ಸ್‌ನ ಅಲೆ ಹನ್ನೊಂದು ಮೀಟರ್ ಉದ್ದ, ಮರ ಗಿಡಕ್ಕೆ ಅಷ್ಟು ಬಗ್ಗುವುದಿಲ್ಲ. ತೊಂದರೆ ಏನೆಂದರೆ, ಅಷ್ಟುದ್ದದ ಅಲೆಗೆ ಸರಿಯಾದ ಕಾಲುಭಾಗದ ಆಂಟೆನಾ ಅಂದರೆ ಎರಡೂಮುಕ್ಕಾಲು ಮೀಟರ್. ಹಲಸಿನ ಕೊಂಬೆ, ತೋಟದ ಕರೆಂಟ್ ತಂತಿ, ಎಲ್ಲಾ ಸೇರಿ ಅದನ್ನು ಒಂದೇ ದಿನದಲ್ಲಿ ಮುಗಿಸುತ್ತವೆ. ಗಿಡ್ಡ ಆಂಟೆನಾ ಹಾಕಿದರೆ ಸಿಬಿಯ ಲಾಭವೇ ಅರ್ಧ ಹೋಯಿತು. ಜೊತೆಗೆ ನಮ್ಮ ನಿಯಮ ವಿನಾಯಿತಿ ಕೊಟ್ಟಿರುವುದು ಸೆಟ್ಟಿನಲ್ಲೇ ಸೇರಿಕೊಂಡ ಆಂಟೆನಾಕ್ಕೆ, 26.957ರಿಂದ 27.283ರವರೆಗೆ ಮಾತ್ರ. ಅಮೆರಿಕದ 40 ಚಾನೆಲ್ ಸೆಟ್ ತಂದರೆ 28ನೇ ಚಾನೆಲ್‌ನಿಂದ ಮೇಲಿನವು ನಮ್ಮ ಗೆರೆಯ ಆಚೆ. ಇಷ್ಟೆಲ್ಲಾ ತಾಪತ್ರಯ ಯಾಕೆ?

865ರ ಸೆಟ್‌ಗಳೂ ಸಿಗುತ್ತವೆ. ಒಂದು ವ್ಯಾಟ್ ಶಕ್ತಿಗೆ ಅವಕಾಶ ಇದೆ. ದೊಡ್ಡ ಮದುವೆ ಛತ್ರ, ಗೋದಾಮು, ಲೇಔಟಿನ ಸೆಕ್ಯುರಿಟಿ, ಇವಕ್ಕೆ ಚೆನ್ನ. ತೋಟದೊಳಗೆ 446ಕ್ಕಿಂತ ಬೇಗ ಸೋಲುತ್ತದೆ, ಅಲೆ ಚಿಕ್ಕದಾದಷ್ಟೂ ಎಲೆ ಜಾಸ್ತಿ ತಿನ್ನುತ್ತದೆ. ಸಿಮ್ ಹಾಕಿಕೊಂಡು ಮಾತಾಡುವ ವಾಕಿಟಾಕಿಗಳು, ಫೋನಿನ ಆ್ಯಪ್‌ಗಳು ಹೆದ್ದಾರಿಯಲ್ಲಿ ಸೊಗಸು. ಆದರೆ ಅವು ಓಡುವುದು ಮೊಬೈಲ್ ಟವರಿನ ಮೇಲೆ, ಟವರ್ ಇಲ್ಲ ಅಂತಲೇ ತಾನೇ ನೀವು ಪತ್ರ ಬರೆದದ್ದು.

ಇನ್ನೊಂದು ದಾರಿ ಇದೆ. ನಾನು ಹೋದ ದಾರಿ ಅದು. ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ ಲೈಸೆನ್ಸ್. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಕೋಡ್ ಕೂಡ ಬೇಡ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಕಡೆ ತರಬೇತಿಯೂ ಸಿಗುತ್ತದೆ. ಪಾಸಾದರೆ ವಿಯು3ರಿಂದ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನಿಮ್ಮ ಗುರುತಿನ ಹೆಸರು, ಬರುತ್ತದೆ. 144ರಿಂದ 146 ಮೆಗಾಹರ್ಟ್ಸ್‌ನಲ್ಲಿ, ಗಾಡಿಯ ತಲೆ ಮೇಲೆ ಆಂಟೆನಾ ಹಾಕಿಕೊಂಡು, ಧೈರ್ಯವಾಗಿ ಮಾತಾಡಬಹುದು. ಆಗ ನೀವು ನೋಡಿದ ಆ 5 ವ್ಯಾಟಿನ ಸೆಟ್ಟಿಗೂ ಒಂದು ಅರ್ಥ ಬರುತ್ತದೆ. ಆದರೆ ಐದೂ ಗಾಡಿಯಲ್ಲಿ ಮಾತಾಡುವವನಿಗೆ ಲೈಸೆನ್ಸ್ ಇರಬೇಕು. ಒಬ್ಬನಿಗಿದ್ದು ಉಳಿದ ನಾಲ್ವರಿಗೆ ಇಲ್ಲದಿದ್ದರೆ, ಅವರು ಕೇಳಬಹುದು, ಉತ್ತರ ಕೊಡುವ ಹಾಗಿಲ್ಲ. ಐವರೂ ಪರೀಕ್ಷೆಗೆ ಕೂರುತ್ತೀರಾದರೆ ನನಗಿಂತ ಖುಷಿಪಡುವವರು ಇಲ್ಲ. ಅಲ್ಲಿಯವರೆಗೆ 446.

ಸರಿ, ಅಂಗಡಿಗೆ ಹೋದಿರಿ. ಡಬ್ಬಿ ಮೇಲಿನ ಕಿಲೋಮೀಟರ್ ನೋಡಬೇಡಿ. ನೀರಿನ ಅಂಕಿ ನೋಡಿ. ಐಪಿಎಕ್ಸ್4 ಅಂದರೆ ಚಿಮುಕಿದ ನೀರು ತಡೆಯುತ್ತದೆ, ಅಷ್ಟೇ. ಐಪಿ67 ಅಂದರೆ ದೂಳೂ ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಬದುಕುತ್ತದೆ. ಮಳೆಗಾಲದಲ್ಲಿ ಹೋಗುವವರಾದರೆ ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ. ಬೇಸಿಗೆಯ ಕೆಂಪು ದೂಳಿಗೂ ಅದೇ ಮದ್ದು. ಬ್ಯಾಟರಿಯ ಜಾಗ ತೆಗೆದು ನೋಡಿ. ಮಾಮೂಲಿ ಪೆನ್ ಸೆಲ್ ಕೂಡ ಹಾಕಬಹುದಾದ ಮಾದರಿ ಇದ್ದರೆ ನಾನು ಅದನ್ನೇ ಆರಿಸುತ್ತೇನೆ, ಯಾಕೆಂದರೆ ಪೆನ್ ಸೆಲ್ ಯಾವ ಊರಿನ ಗೂಡಂಗಡಿಯಲ್ಲೂ ಸಿಗುತ್ತದೆ. ಮಾತಾಡುವಾಗ ಒತ್ತುವ ಗುಂಡಿ, ಪಿಟಿಟಿ ಅನ್ನುತ್ತಾರಲ್ಲ, ಅದನ್ನು ಕೈ ಒದ್ದೆ ಮಾಡಿಕೊಂಡು ಒತ್ತಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಸುರುಳಿ ತಂತಿಯ ಸ್ಪೀಕರ್ ಮೈಕ್ ಸಿಕ್ಕಿಸುವ ಜಾಗ ಇರಬೇಕು. ಇಂಜಿನ್ ಸದ್ದಿನಲ್ಲಿ ಮಾತು ಕೇಳಬೇಕಾದರೆ ಅದು ಬೇಕೇ ಬೇಕು. ಗುಂಡಿ ಒತ್ತದೆ ದನಿಗೇ ಶುರುವಾಗುವ ವೋಕ್ಸ್ ಅನ್ನುವ ಸೌಲಭ್ಯಕ್ಕೆ ಮಾತ್ರ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ನಿಮ್ಮ ಹಳೇ ಜೀಪಿನ ಡೀಸೆಲ್ ಇಂಜಿನ್ ದಿನವಿಡೀ ಅದರಲ್ಲಿ ಭಾಷಣ ಮಾಡುತ್ತದೆ.

ಹಳೇ ಜೀಪು ಅಂದಾಗ ಹೇಳಬೇಕು. ನಿಮ್ಮ ಗುಂಪಿನಲ್ಲಿ ರೇಡಿಯೋಗೆ ಎಲ್ಲಕ್ಕಿಂತ ಒಳ್ಳೆ ಗಾಡಿ ಅದೇ. ಸ್ಕಾರ್ಪಿಯೊ ನಾಲ್ಕೂ ಕಡೆ ಕಬ್ಬಿಣ, ಅಲೆ ಹೊರಗೆ ಬರುವುದು ಕಿಟಕಿಯಿಂದ ಮಾತ್ರ. ಟಾರ್ಪಾಲ್ ಅಲೆಗೆ ಅಡ್ಡವೇ ಅಲ್ಲ. ಹಾಗಾಗಿ ಜೀಪನ್ನು ಸಾಲಿನ ನಡುವೆ ಇಡಿ. ಮುಂದಿನವನು ಹೇಳಿದ್ದು ಕೊನೆಯವನಿಗೆ ಕೇಳದಿದ್ದರೆ ಜೀಪಿನವನು ಅದನ್ನು ಮತ್ತೆ ಹೇಳಲಿ. ದುಡ್ಡು ಖರ್ಚಿಲ್ಲದೆ ರೇಂಜ್ ಎರಡರಷ್ಟಾಯಿತು. ಮುಚ್ಚಿದ ಗಾಡಿಗಳಲ್ಲಿ ಸೆಟ್ಟನ್ನು ಕಪ್ ಇಡುವ ಗುಳಿಯಲ್ಲಿ, ಸೀಟಿನ ಸಂದಿಯಲ್ಲಿ ಹಾಕಬೇಡಿ. ಕಿಟಕಿ ಗಾಜಿನ ಹತ್ತಿರ, ನೆಟ್ಟಗೆ ನಿಲ್ಲಿಸಿ. ಒಬ್ಬರ ಆಂಟೆನಾ ನಿಂತು ಇನ್ನೊಬ್ಬರದು ಮಲಗಿದ್ದರೂ ಸಿಗ್ನಲ್ ಬೀಳುತ್ತದೆ. ಹೊರಗೆ ಆಂಟೆನಾ ಹಾಕಿಸಬೇಡಿ ಅಂದದ್ದು, 446ರ ವಿನಾಯಿತಿಯಲ್ಲೂ ಆಂಟೆನಾ ಸೆಟ್ಟಿನದೇ ಆಗಿರಬೇಕು ಅಂತ. ಆಂಟೆನಾ ತಿರುಪಿ ಬಿಚ್ಚಲು ಬಂದರೆ ಆ ಸೆಟ್ಟನ್ನೇ ಅನುಮಾನಿಸಿ.

ಸೆಟ್ ಹಿಡಿಯುವುದು ಪಕ್ಕದಲ್ಲಿ ಕೂತವರ ಕೆಲಸ. ಗಾಡಿ ಓಡಿಸುತ್ತಾ ಕೈಯಲ್ಲಿ ಹಿಡಿದು ಮಾತಾಡುವ ಯಾವುದೇ ಸಾಧನ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ನಿನಲ್ಲಿ ಅಪಾಯಕಾರಿ ಚಾಲನೆ. ಅದು ಮೊಬೈಲಿಗಷ್ಟೇ ಅಲ್ಲ.

ಈಗ ಚಾನೆಲ್ ಮತ್ತು ಕೋಡ್. ಇದನ್ನು ಹೇಳದೆ ಬಿಟ್ಟರೆ ಉಳಿದದ್ದೆಲ್ಲಾ ದಂಡ. ಈ ಸೆಟ್‌ಗಳಲ್ಲಿ ಚಾನೆಲ್ ಪಕ್ಕದಲ್ಲಿ ಒಂದು ಚಿಕ್ಕ ಅಂಕಿ ಇರುತ್ತದೆ, ‘ಪ್ರೈವಸಿ ಕೋಡ್’ ಅಂತ ಅದರ ಹೆಸರು. ಹೆಸರು ನಂಬಬೇಡಿ, ಅದರಿಂದ ಗುಟ್ಟು ಏನೂ ಉಳಿಯುವುದಿಲ್ಲ. ನೀವು ಮಾತಾಡುವಾಗ ಕಿವಿಗೆ ಕೇಳದಂತೆ ಒಂದು ಸಣ್ಣ ಗುಂಯ್ ಸದ್ದು ಜೊತೆಗೆ ಹೋಗುತ್ತದೆ. ಆ ಕೋಡ್ ಹಾಕಿಕೊಂಡ ಸೆಟ್, ಅದೇ ಗುಂಯ್ ಇದ್ದ ಮಾತಿಗೆ ಮಾತ್ರ ಸ್ಪೀಕರ್ ತೆರೆಯುತ್ತದೆ. ಬೇರೆಯವರ ಮಾತು ನಿಮಗೆ ಕೇಳದು, ನಿಮ್ಮದು ಯಾರಿಗೆ ಬೇಕಾದರೂ ಕೇಳುತ್ತದೆ.

ಕೆಲವು ವರ್ಷದ ಹಿಂದೆ ಮೂಡಿಗೆರೆ ಕಡೆ ನಾವು ನಾಲ್ಕು ಗಾಡಿ ಹೋಗಿದ್ದೆವು. ಎಲ್ಲರದೂ ಚಾನೆಲ್ 6, ಕೋಡ್ 12. ಕೊನೆಯ ಗಾಡಿಯವನ ಮಗಳು ಹಿಂದಿನ ರಾತ್ರಿ ಸೆಟ್ಟಿನಲ್ಲಿ ಆಟವಾಡಿದ್ದಳು. ಅವನ ಕೋಡ್ ಸೊನ್ನೆ ಆಗಿತ್ತು. ಸೊನ್ನೆ ಅಂದರೆ ಎಲ್ಲರ ಮಾತೂ ಅವನಿಗೆ ಕೇಳುತ್ತದೆ. ಅವನು ಕಳಿಸುವುದರಲ್ಲಿ ಗುಂಯ್ ಇಲ್ಲ, ಹಾಗಾಗಿ ನಮ್ಮ ಸ್ಪೀಕರ್ ತೆರೆಯುವುದಿಲ್ಲ. ದಾರಿಯಲ್ಲಿ ಅವನ ರೇಡಿಯೇಟರ್ ಪೈಪು ಒಡೆಯಿತು. ನಿಂತು ಕೂಗುತ್ತಿದ್ದಾನೆ. ನಮಗೆ ಒಂದಕ್ಷರ ಇಲ್ಲ. ನಾವು ಮುಂದೆ ಹೋಗುತ್ತಾ ಮಧ್ಯಾಹ್ನಕ್ಕೆ ಅಕ್ಕಿ ರೊಟ್ಟಿಯೋ ಕಡುಬೋ ಅಂತ ಚರ್ಚೆ ಮಾಡಿದ್ದನ್ನು ಅವನು ಹಬೆಯಾಡುವ ಬಾನೆಟ್ ಪಕ್ಕ ನಿಂತು ಪೂರ್ತಿ ಕೇಳಿದ್ದಾನೆ. ದೂರ ಹೆಚ್ಚಾಗಿ ಅದೂ ನಿಂತುಹೋಯಿತು. ಇಪ್ಪತ್ತು ನಿಮಿಷದ ಮೇಲೆ ಗೇಟಿನಲ್ಲಿ ತಲೆ ಎಣಿಸಿದಾಗ ಗೊತ್ತಾದದ್ದು. ಆಮೇಲೆ ಅವನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅದಕ್ಕೇ ನನ್ನ ಸಲಹೆ, ಎಲ್ಲರೂ ಕೋಡ್ ಸೊನ್ನೆ ಇಡಿ. ತೋಟದ ನಡುವೆ ನಿಮ್ಮ ಚಾನೆಲ್‌ಗೆ ಬರುವವರು ಯಾರಿದ್ದಾರೆ? ಬಂದರೆ ಚಾನೆಲ್ ಬದಲಿಸಿ, 16 ಇವೆ. ಹೊರಡುವ ಮೊದಲು ಕೀ ಲಾಕ್ ಹಾಕಿ. ಒಬ್ಬೊಬ್ಬರಾಗಿ ಮಾತಾಡಿಸಿ, ಉಳಿದ ನಾಲ್ವರೂ ಕೇಳಿತು ಅನ್ನಲಿ. ‘ನನಗೆ ಕೇಳುತ್ತಿದೆ’ ಅನ್ನುವುದು ಅರ್ಧ ಪರೀಕ್ಷೆ ಮಾತ್ರ ಅಂತ ಈಗ ನಿಮಗೂ ಗೊತ್ತಾಯಿತಲ್ಲ.

ಮಾತಾಡುವ ರೀತಿಗೆ ಬಂದರೆ, ಇಂಗ್ಲಿಷಿನ ಕೈಪಿಡಿಗಳು ಹೇಳದ ಒಂದು ಮಾತಿದೆ. ಕನ್ನಡದಲ್ಲಿ ಬೇಡ ಅನ್ನುವುದು ಮಾತಿನ ಕೊನೆಗೆ ಬರುತ್ತದೆ. ‘ಮುಂದೆ ಬರಬೇಡ’ ಅನ್ನುವಾಗ ಗುಂಡಿಯಿಂದ ಬೆರಳು ಸ್ವಲ್ಪ ಬೇಗ ತೆಗೆದರೆ ಆಚೆ ಕೇಳುವುದು ‘ಮುಂದೆ ಬರ’. ‘ಹಗ್ಗ ಬಿಡಬೇಡ’ ಹೋಗಿ ‘ಹಗ್ಗ ಬಿಡ’ ಆಗುತ್ತದೆ. ವಿಂಚ್, ಅಂದರೆ ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ, ಹಾಕಿದ್ದಾಗ ಇದು ತಮಾಷೆಯಲ್ಲ. ನಾವು ಬೇಡ ಅನ್ನುವ ಮಾತನ್ನೇ ಬಿಟ್ಟಿದ್ದೇವೆ. ‘ಸ್ಟಾಪ್ ಸ್ಟಾಪ್’ ಅನ್ನುತ್ತೇವೆ. ಹಾಗೇ ‘ಎರಡಕ್ಕೆ ಹಾಕು’ ಅಂತ ಗೇರ್ ಹೇಳಿದ್ದು ಕರಕರ ಸದ್ದಿನಲ್ಲಿ ‘ಎಡಕ್ಕೆ ಹಾಕು’ ಅಂತ ಕೇಳಿ ಒಬ್ಬರು ಚರಂಡಿಗೆ ಇಳಿಸಿದ್ದಾರೆ. ಲೆಫ್ಟು, ರೈಟು, ಸೆಕೆಂಡ್ ಗೇರ್ ಅನ್ನಿ. ಕನ್ನಡಕ್ಕೆ ಅದರಿಂದ ಏನೂ ನಷ್ಟವಿಲ್ಲ. ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು ಮಾತು ಶುರು ಮಾಡಿ. ಮುಗಿದ ಮೇಲೂ ಒಂದು ಉಸಿರು ಕಾದು ಬೆರಳು ತೆಗೆಯಿರಿ. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ, ಕಿರುಚಬೇಡಿ.

ಗುಂಡಿಯ ಮೇಲೆ ಯಾರೂ ಕೂರದಂತೆ ನೋಡಿಕೊಳ್ಳಿ. ಒಬ್ಬರ ಗುಂಡಿ ಒತ್ತಿಕೊಂಡಿದ್ದರೆ ಇಡೀ ಚಾನೆಲ್ ಸತ್ತ ಹಾಗೆ, ಬೇರೆ ಯಾರೂ ಮಾತಾಡಲಾಗದು. ನಮ್ಮ ಗುಂಪಿನ ಒಬ್ಬ ಗಂಡ ಹೆಂಡತಿ ತವರಿಗೆ ಹೋಗುವ ವಿಷಯದಲ್ಲಿ ಜಗಳವಾಡಿದ್ದನ್ನು ಎಲ್ಲರೂ ಹತ್ತು ನಿಮಿಷ ಕೇಳಬೇಕಾಯಿತು. ನಿಲ್ಲಿಸಿ ಅಂತ ಹೇಳಲೂ ದಾರಿ ಇರಲಿಲ್ಲ. ಸತತವಾಗಿ ಒತ್ತಿದ್ದರೆ ತಾನೇ ಕಡಿದುಕೊಳ್ಳುವ ಟೈಮರ್ ಸೆಟ್ಟಿನಲ್ಲಿದ್ದರೆ ಒಂದು ನಿಮಿಷಕ್ಕೆ ಇಡಿ.

ಇನ್ನು ಆರನೇ ಸೆಟ್. ಅದು ಗಾಡಿಗಲ್ಲ, ಇಳಿದು ನಡೆಯುವವನಿಗೆ. ಹಳ್ಳ ದಾಟುವ ಮುಂಚೆ ಒಬ್ಬ ನೀರಿಗಿಳಿದು ಆಳ ನೋಡುತ್ತಾನೆ. ಏರಿನಲ್ಲಿ ಒಬ್ಬ ಎದುರು ನಿಂತು ಚಕ್ರ ಎಲ್ಲಿಡಬೇಕು ಅಂತ ಹೇಳುತ್ತಾನೆ. ವಿಂಚ್ ಎಳೆಯುವಾಗ ಹಗ್ಗದ ಸಾಲಿನಿಂದ ದೂರ ನಿಲ್ಲಬೇಕು, ಅಲ್ಲಿಂದ ಕೂಗಿದರೆ ಇಂಜಿನ್ ಸದ್ದಿಗೆ ಕೇಳುವುದಿಲ್ಲ. ನಿಜ ಹೇಳಬೇಕೆಂದರೆ ದಿನದ ಅರ್ಧಕ್ಕೂ ಹೆಚ್ಚು ಮಾತು ಈ ಸೆಟ್ಟಿನದೇ ಆಗಿರುತ್ತದೆ, ಅದೂ ಐವತ್ತು ಮೀಟರ್ ಒಳಗೆ. ಅದಕ್ಕೆ ಕೊರಳಿಗೆ ಹಾಕುವ ದಾರ ಕಟ್ಟಿ. ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ ಜಿಗಣೆ ಕೀಳಲು ಬಗ್ಗಿದಾಗಲೇ ಕಳಚಿಕೊಳ್ಳುತ್ತದೆ.